ಕಂಬಳಿ ಮುಟ್ಟಿ ಮಾಡಿದ ಆಣೆ

ಏರ್ಕಾಡ್
6-1-2025

ತಮ್ಮ ಮುನಿಯಪ್ಪನಿಗೆ ಅಕ್ಕ ಸಿದ್ದಲಕ್ಷ್ಮಮ್ಮನ ಆಶೀರ್ವಾದ.

ನಿನ್ನೆ ಭಾನುವಾರ ನಿನ್ನ ಹೆಂಡತಿ ಶಾಂತಿ ಫೋನಿನಲ್ಲಿ ಎಲ್ಲ ಹೇಳಿದಳು. ಹೆಬ್ಬೆರಳಿಗೆ ಜಾಲಿ ಮುಳ್ಳು ಚುಚ್ಚಿ ಎರಡು ತಿಂಗಳಾಯಿತಂತೆ, ಗಾಯ ಒಣಗಿಲ್ಲವಂತೆ, ಶುಗರ್ ಮುನ್ನೂರ ನಲವತ್ತಂತೆ. ಎರಡು ತಿಂಗಳಲ್ಲಿ ಇಳಿಯದಿದ್ದರೆ ಬೆರಳು ತೆಗೆಯಬೇಕು ಅಂದರಂತೆ ಡಾಕ್ಟರು. ಇಷ್ಟೆಲ್ಲ ಆಗಿದ್ದರೂ ನೀನು ನನಗೆ ಒಂದು ಮಾತು ಹೇಳಲಿಲ್ಲ. ಕುರಿ ಸೀನಿದರೂ ಹೇಳುತ್ತಿದ್ದವನು ನೀನು. ನನಗೆ ಬಹಳ ಸಿಟ್ಟು ಬಂದಿದೆ.

ಫೋನಿನಲ್ಲಿ ಬೈಯೋಣ ಅಂದರೆ ನಿನ್ನ ಫೋನು ಬಾವಿಗೆ ಬಿದ್ದಿದೆ. ನಮ್ಮ ಎಸ್ಟೇಟಿನ ಲೈನ್ ಮನೆಗಳಲ್ಲೂ ಸಿಗ್ನಲ್ ಇಲ್ಲ. ದಾರಿಯ ತಿರುವಿನವರೆಗೆ ಹೋಗಬೇಕು, ನನ್ನ ಮಗ ಅಶ್ವತ್ಥ್ ಭಾನುವಾರ ಮಾತ್ರ ಕರೆದುಕೊಂಡು ಹೋಗುತ್ತಾನೆ. ಅದಕ್ಕೇ ಕಾಗದ. ಅಪ್ಪ ಕಣದ ಮಣ್ಣಿನಲ್ಲಿ ಕೋಲು ಹಿಡಿಸಿ ತಿದ್ದಿಸಿದ ಕನ್ನಡ ಅಕ್ಷರ ನಮ್ಮಿಬ್ಬರಿಗೇ ಉಳಿದಿದೆ. ಶಾಂತಿಗೂ ನಿನ್ನ ಮಗಳಿಗೂ ನನ್ನ ಮಗನಿಗೂ ತಮಿಳು ಬಿಟ್ಟರೆ ಓದಲು ಬರುವುದಿಲ್ಲ. ನಾನು ಎಷ್ಟು ಬೈದರೂ ಯಾರಿಗೂ ಗೊತ್ತಾಗುವುದಿಲ್ಲ, ಹೆದರಬೇಡ.

ಈಗ ಕೇಳು. ಅನ್ನ ಬಿಡು. ರಾಗಿ ಹಿಟ್ಟಿನ ಮುದ್ದೆ ತಿನ್ನು, ಆದರೆ ನಿಂಬೆಹಣ್ಣಿನಷ್ಟು ತಿನ್ನು. ಹುರುಳಿ ಸಾರು, ನುಗ್ಗೆ ಸೊಪ್ಪು, ನೀರು ಮಜ್ಜಿಗೆ ಇವು ಎಷ್ಟಾದರೂ ಸರಿ. ಕಾಫಿಗೆ ಕರುಪ್ಪಟ್ಟಿ ಹಾಕಿದರೆ ಏನೂ ಆಗುವುದಿಲ್ಲ ಅಂತ ನಿಮ್ಮೂರಲ್ಲಿ ಹೇಳುತ್ತಾರೆ, ನಂಬಬೇಡ. ತಾಳೆಬೆಲ್ಲವೂ ಬೆಲ್ಲವೇ. ಮಾತ್ರೆ ಒಂದೂ ತಪ್ಪಿಸಬೇಡ.

ನೀನು ‘ಆಗಲಿ ಅಕ್ಕ’ ಅಂದರೆ ನಾನು ನಂಬುವವಳಲ್ಲ. ಅಪ್ಪನ ಕಂಬಳಿಯನ್ನು ಹಾಸು. ನನ್ನ ಮದುವೆಯಲ್ಲಿ ಹರಿದು ಕೊಟ್ಟ ಅರ್ಧ ನನ್ನ ಹತ್ತಿರ ಇದೆ, ಉಳಿದರ್ಧ ನಿನ್ನ ಹೆಗಲ ಮೇಲಿದೆ. ಅದನ್ನು ಮುಟ್ಟಿ, ಸಿಹಿ ನನ್ನ ನಾಲಿಗೆಗೆ ಸೋಕುವುದಿಲ್ಲ ಅಂತ ಆಣೆ ಮಾಡು. ಮಾಡಿದೆ ಅಂತ ಬರೆ.

ನಿನ್ನ ಅಕ್ಕ

*

ತಾರಮಂಗಲಂ
18-1-2025

ಅಕ್ಕನಿಗೆ ಮುನಿಯಪ್ಪನ ನಮಸ್ಕಾರ.

ನಿನ್ನ ಕಾಗದ ಊರಿಗೆ, ಅದಿಯಮಾನ್‌ಕೋಟೆಗೆ ಹೋಗಿತ್ತು. ನಾನು ಮಂದೆ ಹೊಡೆದುಕೊಂಡು ತಾರಮಂಗಲಂ ಕಡೆ ಬಂದಾಗಿತ್ತು. ಶಾಂತಿ ವಾರಕ್ಕೊಂದು ಸಲ ರಾಗಿ ಹಿಟ್ಟು ತರುತ್ತಾಳೆ, ಅದರ ಜೊತೆ ನಿನ್ನ ಬೈಗುಳವನ್ನೂ ತಂದುಕೊಟ್ಟಳು. ಇನ್ನು ಮುಂದೆ ಇಲ್ಲಿನ ಶೇಖರ್ ಟೀ ಅಂಗಡಿ ವಿಳಾಸಕ್ಕೆ ಬರೆ.

ಆಣೆ ಮಾಡಿದೆ. ಸಂಕ್ರಾಂತಿಯ ಮಾರನೇ ದಿನ ಬೆಳಿಗ್ಗೆ ಕಂಬಳಿ ಹಾಸಿ, ಅದರ ಮೇಲೆ ಹಾಲು ಚಿಮುಕಿಸಿ, ಎರಡು ಕೈಯೂ ಇಟ್ಟು ಮಾಡಿದೆ. ಶಾಂತಿ ನೋಡುತ್ತಾ ನಿಂತಿದ್ದವಳು, "ಔಸ್ದಿ ತಿನ್ನೋಕೆ ಆಣೆ ಯಾಕೆ? ಡಾಕ್ಟ್ರು ಸಾಕಾಗ್ಲಿಲ್ವಾ?" ಅಂದಳು. ಅವಳಿಗೇನು ಗೊತ್ತು. ನಮ್ಮಲ್ಲಿ ಕಂಬಳಿ ಮುಟ್ಟಿ ಹೇಳಿದ ಮಾತು ತಪ್ಪಿದವನ ಮಂದೆ ಉಳಿದದ್ದು ನಾನು ಕಂಡಿಲ್ಲ.

ನಿಂಬೆಹಣ್ಣಿನಷ್ಟು ಹಿಟ್ಟು ಅಂದೆಯಲ್ಲ, ಅಕ್ಕ, ನಿನಗೆ ಕನಿಕರ ಇದೆಯಾ? ಅಷ್ಟನ್ನು ತಟ್ಟೆಯಲ್ಲಿಟ್ಟರೆ ತಟ್ಟೆಗೇ ನಾಚಿಕೆಯಾಗುತ್ತದೆ. ಮೊದಲ ದಿನ ನುಂಗಿ ಮುಗಿಸಿದ ಮೇಲೆ ಇನ್ನೂ ಊಟ ಬರುತ್ತದೆ ಅಂತ ಕೂತೇ ಇದ್ದೆ. ಶಾಂತಿ ನಕ್ಕು ನಕ್ಕು ಸುಸ್ತಾದಳು. ಆದರೂ ಅಷ್ಟೇ ತಿನ್ನುತ್ತಿದ್ದೇನೆ.

ಒಂದು ಕಷ್ಟ ಇದೆ. ಗೊಬ್ಬರಕ್ಕೆ ಅಂತ ಮಂದೆ ನಿಲ್ಲಿಸಿಕೊಂಡ ಹೊಲದವರು ಮೊದಲ ದಿನ ಸಕ್ಕರೆ ಪೊಂಗಲ್ ಮಾಡಿ ಕುರಿಗಾರನಿಗೆ ಎಲೆ ಹಾಕುತ್ತಾರೆ. ಅವನು ತಿಂದರೆ ಹೊಲ ತಿಂದ ಹಾಗೆ, ಆ ವರ್ಷ ಗೊಬ್ಬರ ಹತ್ತುತ್ತದೆ ಅಂತ. ಬೇಡ ಅಂದರೆ ಹೊಲಕ್ಕೆ ಕೇಡು ಬಯಸಿದ ಹಾಗಾಗುತ್ತದೆ. ಏನು ಮಾಡುವುದೋ ನೋಡಬೇಕು.

ನೀನು ಮಾತ್ರ ನೋಡೋಕೆ ಅಂತ ಬರಬೇಡ. ಘಾಟಿನ ಬಸ್ಸು ಕಷ್ಟ, ಅಲ್ಲಿ ಚಳಿ, ಇಲ್ಲಿ ಬಿಸಿಲು. ನಾನು ಚೆನ್ನಾಗಿದ್ದೇನೆ.

ನಿನ್ನ ತಮ್ಮ ಮುನಿಯಪ್ಪ

*

ಏರ್ಕಾಡ್
30-1-2025

ತಮ್ಮನಿಗೆ ಆಶೀರ್ವಾದ.

ಆಣೆ ಮಾಡಿದ್ದು ಓದಿ ನನ್ನ ಅರ್ಧ ಕಂಬಳಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತೆ. ಬಹಳ ದಿನದ ಮೇಲೆ ಮನಸ್ಸು ಹಗುರಾಯಿತು.

ಪೊಂಗಲ್ ವಿಷಯ ನನ್ನನ್ನು ಕೇಳಬೇಡ. ಹೊಲದವರ ಮುನಿಸು ಒಂದು ವರ್ಷದ್ದು, ಬೆರಳು ಹೋದರೆ ಸಾಯುವ ತನಕ. ಬೆರಳಿಗೇ ನಿಲ್ಲುವುದೂ ಇಲ್ಲ ಆ ರೋಗ. ಇಲ್ಲಿ ಎಸ್ಟೇಟಿನಲ್ಲಿ ನೋಡಿದ್ದೇನೆ.

ಬರಬೇಡ ಅಂತ ಬರೆದಿದ್ದೀಯ. ಪ್ರತಿ ಕಾಗದದಲ್ಲೂ ಹಾಗೇ ಬರೆಯುತ್ತೀಯ. ಎರಡು ವರ್ಷದಿಂದ ಒಂದು ಸಲವಾದರೂ ಬಾ ಅಕ್ಕ ಅಂದಿಲ್ಲ. ನಾನು ಹೇಗೂ ಬರುವ ಹಾಗಿಲ್ಲ, ರಜೆ ಸಿಗುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಬಿಟ್ಟು ಈಗ ಮೆಣಸು ಆರಿಸುವ ಶೆಡ್ಡಿಗೆ ಬಂದಿದ್ದೇನೆ, ಕೂತು ಮಾಡುವ ಕೆಲಸ. ಆದರೂ ಕರೆದರೆ ನಿನ್ನ ಗಂಟೇನು ಹೋಗುತ್ತಿತ್ತು? ಅಕ್ಕನ ಮುಖ ಮರೆತುಹೋಯಿತಾ?

ಹೋಗಲಿ. ಗಾಯಕ್ಕೆ ಬೇವಿನ ನೀರು, ಹಗಲೆಲ್ಲ ಚಪ್ಪಲಿ. ಊಟ ಆದದ್ದನ್ನು ಆದ ಹಾಗೆ ಬರೆ. ನನ್ನ ಹತ್ತಿರ ಮುಚ್ಚಿಡಬೇಡ.

ನಿನ್ನ ಅಕ್ಕ

*

ತಾರಮಂಗಲಂ
16-2-2025

ಅಕ್ಕನಿಗೆ ನಮಸ್ಕಾರ.

ಮುನಿಸಿಕೊಳ್ಳಬೇಡ. ನಿನ್ನ ಮುಖ ಹೇಗೆ ಮರೆಯಲಿ, ಮಂದೆಯ ಮುಂದೆ ನಡೆಯುವ ಟಗರಿನದೂ ನಿನ್ನ ಹಾಗೇ ಬಿಗಿದ ಮುಖ. ಬಾ ಅನ್ನದಿರುವುದಕ್ಕೆ ಬೇರೆ ಕಾರಣ ಏನೂ ಇಲ್ಲ. ಬಸ್ಸು ಕಷ್ಟ, ಅಷ್ಟೇ.

ಸೆಂದಿಲ್ ಅನ್ನುವವರ ಹೊಲದಲ್ಲಿ ಮಂದೆ ನಿಲ್ಲಿಸಿದೆ. ಹೇಳಿದ ಹಾಗೇ ಎಲೆ ತುಂಬ ಪೊಂಗಲ್, ಮೇಲೆ ತುಪ್ಪ. ನಾನು ಕೈ ಮುಗಿದು, "ಸಾಮಿ, ಇದು ನಂಗಲ್ಲ, ನಮ್ಮ ದೊಡ್ಡೋರಿಗೆ" ಅಂತ ಹೇಳಿ ಎಲೆಯನ್ನು ಟಗರಿನ ಮುಂದಿಟ್ಟೆ. ಅದು ಬಾಳೆ ಎಲೆಯನ್ನೂ ಬಿಡಲಿಲ್ಲ. ಸೆಂದಿಲ್ ಮುಖ ಕಪ್ಪಿಟ್ಟಿತು. "ಎನ್ನ ಇದು, ನಮ್ಮ ಅನ್ನ ಆಗಲ್ವಾ?" ಅಂದರು. ಆಮೇಲೆ ಶಾಂತಿ ನಿಜ ಹೇಳಿದಳು. ಅವರ ಅಪ್ಪನೂ ಶುಗರಿನಲ್ಲೇ ಹೋದವರಂತೆ. ಈಗ ದಿನಾ ಮಜ್ಜಿಗೆ ಕಳಿಸುತ್ತಾರೆ.

ಶಾಂತಿ ಒಂದು ಮೋಸ ಮಾಡಿದಳು. ಮಗಳು ಪುಷ್ಪಾ ಹುಟ್ಟಿದ ದಿನ ಅಂತ ಪಾಯಸ ಕಾಯಿಸಿ ತಂದು, "ನಿಮ್ಮಕ್ಕನೇ ಫೋನ್ ಮಾಡಿದ್ರು, ಒಂದು ಲೋಟ ಕುಡೀಬೋದಂತೆ" ಅಂದಳು. ಲೋಟ ತುಟಿಯ ಹತ್ತಿರ ತಂದೆ. ನೀನು ಹಾಗೆ ಹೇಳುವವಳಲ್ಲ ಅಂತ ಹೊಳೆದು, ಪುಷ್ಪಾ ಮೇಲೆ ಆಣೆ ಮಾಡು ಅಂದೆ. ಕಣ್ಣು ತಪ್ಪಿಸಿದಳು. ಅವಳ ತಪ್ಪಲ್ಲ, ನಾನು ಸೊರಗಿದ್ದೇನೆ ಅಂತ ಅವಳಿಗೆ ಸಂಕಟ. ಆದರೆ ಅವತ್ತೇ ಹೇಳಿಬಿಟ್ಟೆ, ಇನ್ನು ಮೇಲೆ ಅಕ್ಕನ ಕೈಬರಹ ಕಣ್ಣಾರೆ ನೋಡದೆ ಯಾರ ಮಾತೂ ನಂಬುವುದಿಲ್ಲ ಅಂತ.

ಗಾಯದ ಅಂಚು ಒಣಗುತ್ತಿದೆ. ನಿಜ, ಸುಳ್ಳಲ್ಲ. ಆದರೆ ಮಧ್ಯಾಹ್ನದ ಹೊತ್ತು ಒಂಥರ ಆಗುತ್ತದೆ. ಕೈ ನಡುಗಿ ಮೈಯೆಲ್ಲ ತಣ್ಣಗೆ ಬೆವರುತ್ತದೆ, ಕುರಿ ಎರಡೆರಡು ಕಾಣುತ್ತವೆ. ಬಿಸಿಲಿನದು ಇರಬೇಕು.

ನಿನ್ನ ತಮ್ಮ

*

ಏರ್ಕಾಡ್
27-2-2025

ಚಿನ್ನದಂಥ ತಮ್ಮನಿಗೆ.

ಗಾಯ ಒಣಗುತ್ತಿದೆ ಅಂತ ಓದಿ ಅತ್ತುಬಿಟ್ಟೆ. ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದೆ. ನನ್ನ ತಮ್ಮ ಆಣೆ ಮಾಡಿ ಶುಗರ್ ಇಳಿಸಿದ ಅಂತ ಮೆಣಸಿನ ರಾಶಿಯ ಮುಂದೆ ಕೂತು ಜಂಬ ಕೊಚ್ಚಿಕೊಂಡೆ. ಇಷ್ಟು ದಿನಕ್ಕೆ ನಮ್ಮ ಮನೆತನದಲ್ಲಿ ಒಬ್ಬರಾದರೂ ಗೆದ್ದರಲ್ಲ.

ಕೈ ನಡುಗುವುದಕ್ಕೆ ಹೆದರಬೇಡ. ಇಷ್ಟು ವರ್ಷ ಮೈಯಲ್ಲಿ ಕೂತ ಸಕ್ಕರೆ ಬಿಟ್ಟು ಹೋಗುವಾಗ ಸುಮ್ಮನೆ ಹೋಗುತ್ತದಾ? ಕುಡುಕ ಕುಡಿತ ಬಿಟ್ಟರೆ ನಡುಗುವುದಿಲ್ಲವಾ, ಹಾಗೇ ಇದು. ಹಲ್ಲು ಕಚ್ಚಿ ತಡೆದುಕೋ. ನಡುಗಿತು ಅಂತ ಏನನ್ನೂ ಬಾಯಿಗೆ ಹಾಕಬೇಡ, ಯಾರು ಕೊಟ್ಟರೂ ಬೇಡ. ಇನ್ನು ಹತ್ತು ದಿನ ಅಷ್ಟೇ, ಟೆಸ್ಟಿನಲ್ಲಿ ಗೊತ್ತಾಗುತ್ತದೆ.

ನಿನ್ನ ಅಕ್ಕ

*

ತಾರಮಂಗಲಂ
12-3-2025

ಅಕ್ಕನಿಗೆ.

ಟೆಸ್ಟ್ ಆಯಿತು. ನೂರ ಹತ್ತು. ಬೆರಳು ತೆಗೆಯುವುದು ಬೇಡ ಅಂದರು. ಏನು ಊಟ ಮಾಡುತ್ತೀಯ ಅಂತ ಕೇಳಿದರು, ಎಲ್ಲ ಸರಿಯಾಗಿ ಮಾಡುತ್ತೇನೆ ಅಂದೆ. ನಿಂಬೆಹಣ್ಣಿನ ಲೆಕ್ಕ ಹೇಳಲು ನಾಚಿಕೆಯಾಯಿತು, ನಡುಗುವುದನ್ನೂ ಹೇಳಲಿಲ್ಲ. ಅದು ಒಳ್ಳೆಯದೇ ಅಂತ ನೀನು ಬರೆದಿದ್ದೆಯಲ್ಲ. ಅದೇ ಮಾತ್ರೆ ಮುಂದುವರಿಸು ಅಂದರು.

ನಿನ್ನೆ ಮಂದೆ ಎಣಿಸುವಾಗ ಮೂರು ಸಲ ಮೂರು ಲೆಕ್ಕ ಬಂತು. ಹಾಗೇ ತಾಳೆ ಮರದ ಬುಡದಲ್ಲಿ ಕೂತೆ. ಎದ್ದಾಗ ಕುರಿ ಪಕ್ಕದವರ ಅವರೆಯಲ್ಲಿದ್ದವು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹಲ್ಲು ಕಚ್ಚಿ ತಡೆದೆ.

ಸಾಲು ಸೊಟ್ಟಗಾಗಿದೆ, ಬೈಯಬೇಡ.

ಮುನಿಯಪ್ಪ

*

ಏರ್ಕಾಡ್
19-3-2025

ಮುನಿಯಪ್ಪ, ಇದನ್ನು ಓದಿದ ತಕ್ಷಣ ಮೊದಲು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೋ. ಆಮೇಲೆ ಉಳಿದದ್ದು ಓದು.

ನಿನ್ನ ಕಾಗದ ನಿನ್ನೆ ಬಂತು. ಸಂತೋಷಕ್ಕೆ ಅದನ್ನು ನಮ್ಮ ಡಿಸ್ಪೆನ್ಸರಿಯ ನರ್ಸ್ ಭಾಗ್ಯಲಕ್ಷ್ಮಿಗೆ ತಮಿಳಿನಲ್ಲಿ ಹೇಳಿದೆ. ನೂರ ಹತ್ತಕ್ಕೆ ನಕ್ಕಳು. ನಡುಗುವುದು, ಬೆವರುವುದು, ತಾಳೆ ಮರ ಅಂದ ಕೂಡಲೇ ನನ್ನ ಕೈ ಹಿಡಿದುಕೊಂಡಳು. "ಅಯ್ಯೋ ಅಮ್ಮಾ, ಅದು ಶುಗರ್ ಬಿಡೋದಲ್ಲ, ಶುಗರೇ ಇಲ್ಲದೆ ಆಗೋದು" ಅಂದಳು. ಅಷ್ಟು ದೊಡ್ಡ ಮಾತ್ರೆ ತಿಂದು, ಇಷ್ಟೇ ಇಷ್ಟು ಹಿಟ್ಟು ತಿಂದು, ಬೆಳಗಿನಿಂದ ಸಂಜೆ ತನಕ ಕುರಿಯ ಹಿಂದೆ ನಡೆದರೆ ರಕ್ತದಲ್ಲಿ ಏನು ಉಳಿಯುತ್ತದೆ? ಹಾಗೆ ಆದಾಗ ತಕ್ಷಣ ಬೆಲ್ಲವೋ ಸಕ್ಕರೆ ನೀರೋ ಕೊಡಬೇಕಂತೆ. ಕೊಡದಿದ್ದರೆ ಮನುಷ್ಯ ಉಳಿಯುವುದಿಲ್ಲವಂತೆ. ಹಲ್ಲು ಕಚ್ಚಿ ತಡೆದುಕೋ ಅಂತ ಬರೆದ ಕೈ ಇದೇ. ಇದನ್ನು ಏನು ಮಾಡಲಿ ಹೇಳು.

ಅಶ್ವತ್ಥ್ ಕೈಯಲ್ಲಿ ಶಾಂತಿಗೆ ಫೋನ್ ಮಾಡಿಸಿದ್ದೇನೆ. ಆದರೆ ನೀನು ಅವಳ ಮಾತು ನಂಬುವುದಿಲ್ಲ, ನೀನೇ ಬರೆದಿದ್ದೀಯ. ಅದಕ್ಕೇ ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ನನ್ನ ಅರ್ಧ ಕಂಬಳಿ ಹಾಸಿ ಹಾಲು ಚಿಮುಕಿಸಿದೆ. ಆಣೆ ಹಾಕಿಸಿದವಳು ನಾನು, ನಾನೇ ಬಿಡಿಸಿದ್ದೇನೆ. ದೋಷ ಇದ್ದರೆ ನನಗೆ ಬರಲಿ. ಸೊಂಟದ ಚೀಲದಲ್ಲಿ ಯಾವಾಗಲೂ ಬೆಲ್ಲ ಇರಲಿ. ನಾಳೆಯೇ ಡಾಕ್ಟರ ಹತ್ತಿರ ಹೋಗಿ, ಎಷ್ಟು ತಿನ್ನುತ್ತೀಯ, ಎಷ್ಟು ನಡೆಯುತ್ತೀಯ, ಎಲ್ಲ ಹೇಳು. ಮಾತ್ರೆ ಕಡಿಮೆ ಮಾಡುತ್ತಾರೆ.

ಇನ್ನೊಂದು ವಿಷಯ. ನಾನು ಓಡಿ ಬರಬೇಕಿತ್ತು, ಬರಲಾರೆ. ರಜೆ ಇಲ್ಲ ಅಂದದ್ದು ಸುಳ್ಳು. ಎರಡು ವರ್ಷದ ಹಿಂದೆ ನನ್ನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಇದೇ ರೋಗ. ನಾನು ಪಥ್ಯ ತಪ್ಪಿದವಳಲ್ಲ, ತಮ್ಮ. ಹಿಟ್ಟು, ಸೊಪ್ಪು, ಮಜ್ಜಿಗೆ, ನಿನಗೆ ಹೇಳಿದ್ದನ್ನೆಲ್ಲ ಮಾಡಿದೆ. ತಡವಾಗಿ ಶುರು ಮಾಡಿದೆ ಅಂದರು. ಅಕ್ಕ ಪಥ್ಯ ಮಾಡಿಯೂ ಕಾಲು ಹೋಯಿತು ಅಂತ ನಿನಗೆ ಗೊತ್ತಾದರೆ, ಮತ್ತೆ ನಾನ್ಯಾಕೆ ಮಾಡಲಿ ಅಂತ ಬಿಟ್ಟುಬಿಡುತ್ತೀಯ ಅಂತ ಮುಚ್ಚಿಟ್ಟೆ. ಈಗ ಮುಚ್ಚಿಟ್ಟು ಏನು ಉಪಯೋಗ.

ಬೆಲ್ಲ ತಿಂದೆಯಾ? ತಿಂದೆ ಅಂತ ಎರಡು ಅಕ್ಷರ ಬರೆ.

ಅಕ್ಕ

*

ಏರ್ಕಾಡ್
31-3-2025

ಮುನಿಯಪ್ಪ, ಉತ್ತರ ಯಾಕಿಲ್ಲ? ಶಾಂತಿಯ ಫೋನು ಎತ್ತುವವರಿಲ್ಲ. ನಿನ್ನೆ ತಿರುವಿನಲ್ಲಿ ಸಂಜೆಯವರೆಗೆ ಕೂತಿದ್ದೆ. ಕಾಲಿನ ವಿಷಯಕ್ಕೆ ಸಿಟ್ಟಾ? ಸಿಟ್ಟಾದರೆ ಬೈದು ಬರೆ, ನಾನು ಏನೂ ಅನ್ನುವುದಿಲ್ಲ.

ಅಕ್ಕ

*

ಅದಿಯಮಾನ್‌ಕೋಟೆ
14-4-2025

ಅಕ್ಕನಿಗೆ ನಮಸ್ಕಾರ.

ಈ ಕಾಗದ ಬರೆಯಲು ಆರು ದಿನ ಹಿಡಿಯಿತು. ಕೈ ನನ್ನ ಮಾತು ಕೇಳುವುದಿಲ್ಲ. ಕೆಲವು ಒತ್ತಕ್ಷರ ನೆನಪಿಗೆ ಬರುವುದಿಲ್ಲ, ನಿನ್ನ ಹಳೇ ಕಾಗದದಲ್ಲಿ ಹುಡುಕಿ ನೋಡಿಕೊಂಡು ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ನನಗೆ ನೆನಪಿರುವಷ್ಟು ನಾನು ಹೇಳುತ್ತೇನೆ, ಉಳಿದದ್ದು ಶಾಂತಿ ಹೇಳಿದ್ದು. ಮಾರ್ಚ್ ಇಪ್ಪತ್ತಾರು ಬುಧವಾರ ಮಧ್ಯಾಹ್ನ ಅವಳು ಹಿಟ್ಟು ತಂದಳು. ಬರುವಾಗ ಶೇಖರ್ ಅಂಗಡಿಯಲ್ಲಿ ನಿನ್ನ ಕಾಗದ ಇಸಿದುಕೊಂಡಿದ್ದಳು. ನಾನು ಬದುವಿನ ಮೇಲೆ ಕೂತು ಬೆವರುತ್ತಿದ್ದೆ. ನನ್ನನ್ನು ನೋಡಿ ಓಡಿ ಬಂದು, "ನಿಮ್ಮಕ್ಕ ಫೋನ್ ಮಾಡ್ಸಿದ್ರು, ಇಂಗಾದ್ರೆ ಬೆಲ್ಲ ತಿನ್ನಬೇಕಂತೆ, ಬಾಯಿ ತೆಗಿ" ಅಂದಳು. ಸೆರಗಿನ ತುದಿಯಲ್ಲಿ ಬೆಲ್ಲ ಕಟ್ಟಿಕೊಂಡೇ ಬಂದಿದ್ದಳು. ನಾನು, "ಸುಳ್ಳಿ, ಪಾಯಸದ ಸುಳ್ಳಿ, ಕಾಗದ ತೋರ್ಸು" ಅಂದೆನಂತೆ.

ಅವಳ ಸೆರಗಿನ ಒಂದು ಗಂಟಿನಲ್ಲಿ ಬೆಲ್ಲ ಇತ್ತು, ಕೈಯಲ್ಲಿ ನಿನ್ನ ಕಾಗದ ಇತ್ತು. ಅದರಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿಲ್ಲ. ಲಕೋಟೆ ಹರಿದು ಕಾಗದವನ್ನು ನನ್ನ ಕಣ್ಣ ಮುಂದೆ ಹಿಡಿದಳು. "ಓದು, ನಿಮ್ಮಕ್ಕನ ಕೈಬರವೇ ಐತೆ, ಓದು" ಅಂತ ಕೂಗಿದಳು. ಅಷ್ಟು ನನಗೆ ಚೆನ್ನಾಗಿ ನೆನಪಿದೆ, ಅಕ್ಕ. ನಿನ್ನ ಕೈಬರಹ ಅಂತ ಗುರುತು ಸಿಕ್ಕಿತು. ಓದಲು ಆಗಲಿಲ್ಲ. ಅಪ್ಪ ಕಣದಲ್ಲಿ ತಿದ್ದಿಸಿದ ಅಕ್ಷರ ಒಂದೂ ನಿಲ್ಲಲಿಲ್ಲ, ಇರುವೆಯ ಹಾಗೆ ಹರಿದು ಹೋದವು. ಸೆಂದಿಲ್ ಓಡಿ ಬಂದು ಕಾಗದ ಇಸಿದುಕೊಂಡು ತಿರುಗಿಸಿ ನೋಡಿ, "ಇದು ತೆಲುಂಗಾ?" ಅಂದರಂತೆ. ಶಾಂತಿ ನಿನಗೆ ಫೋನ್ ಹಾಕಿದಳು, ಸಿಗಲಿಲ್ಲ. ಬೆಲ್ಲವನ್ನು ತುಟಿಗೆ ಒತ್ತಿದಳು. ನಾನು ಹಲ್ಲು ಕಚ್ಚಿ ತಡೆದೆ. ಅವಳ ಬೆರಳು ಕಚ್ಚಿದೆನಂತೆ, ಗುರುತು ಇನ್ನೂ ಇದೆ. "ಕಂಬ್ಳಿ, ಕಂಬ್ಳಿ" ಅಂತಿದ್ದೆನಂತೆ.

ಸೇಲಂ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಬಹಳ ಹೊತ್ತಾಗಿತ್ತು. ಮೂರನೇ ದಿನ ಕಣ್ಣು ಬಿಟ್ಟೆ. ಮಿದುಳಿಗೆ ಸಕ್ಕರೆ ಸಿಗದೆ ಪೆಟ್ಟಾಗಿದೆ, ಎಷ್ಟು ವಾಪಸು ಬರುತ್ತದೋ ಹೇಳಲಾಗುವುದಿಲ್ಲ ಅಂದರು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಪುಷ್ಪಾಳನ್ನು ಒಂದು ದಿನ ನಿನ್ನ ಹೆಸರಿನಿಂದ ಕರೆದೆ. ಮಂದೆಯನ್ನು ಶಾಂತಿಯ ತಮ್ಮ ಬಾಲಾಜಿ ನೋಡಿಕೊಳ್ಳುತ್ತಿದ್ದಾನೆ. ಮಾತ್ರೆ ಬದಲಾಯಿಸಿದ್ದಾರೆ. ಹೆಬ್ಬೆರಳು ಪೂರ್ತಿ ಒಣಗಿದೆ, ಹೊಸ ಚರ್ಮ ಬಂದಿದೆ.

ನಿನ್ನ ಕಾಲಿನ ವಿಷಯ ನನಗೆ ಎರಡು ವರ್ಷದಿಂದ ಗೊತ್ತು. ಬಾಲಾಜಿ ಮೆಣಸಿನ ಮೂಟೆ ಹೇರಲು ನಿಮ್ಮ ಎಸ್ಟೇಟಿಗೆ ಬಂದಾಗ ನೀನು ಒಂದೇ ಕಾಲಿನಲ್ಲಿ ಕೋಲೂರಿ ನಡೆಯುವುದನ್ನು ನೋಡಿದ್ದ. ನೀನು ಹೇಳಲಿಲ್ಲ, ಅದಕ್ಕೆ ನಾನು ಕೇಳಲಿಲ್ಲ. ಬಾ ಅಂದರೆ ಇನ್ನೊಂದು ಸುಳ್ಳು ಹುಡುಕಬೇಕಾಗುತ್ತದಲ್ಲ ಅಂತ ಬರಬೇಡ ಅಂತ ಬರೆಯುತ್ತಿದ್ದೆ. ಆಣೆ ಮಾಡುವಾಗ ಕೈ ಕಂಬಳಿಯ ಮೇಲಿತ್ತು, ಮನಸ್ಸು ನಿನ್ನ ಕಾಲಿನ ಮೇಲಿತ್ತು. ಅದಕ್ಕೇ ಅಷ್ಟು ಗಟ್ಟಿಯಾಗಿ ಹಿಡಿದೆನೋ ಏನೋ.

ಶಾಂತಿಗೆ ನಮ್ಮಿಬ್ಬರ ಮೇಲೂ ಕೋಪ, ನಿನ್ನ ಫೋನು ಎತ್ತದಿದ್ದದ್ದೂ ಅದಕ್ಕೇ. "ನಿಮ್ಮ ಗುಟ್ಟಿನ ಅಕ್ಷರ ನಂಗೆ ಬೇಡ. ಮನ್ಯಾಗೆ ಎಲ್ರೂ ಓದೋ ಅಂಗೆ ತಮಿಳಲ್ಲಿ ಬರೀರಿ" ಅಂದಳು. ಅವಳು ಹೇಳುವುದು ಸರಿ. ಇನ್ನು ಅಶ್ವತ್ಥ್ ಕೈಯಲ್ಲಿ ತಮಿಳಿನಲ್ಲಿ ಬರೆಸು, ಪುಷ್ಪಾ ಓದಿ ಹೇಳುತ್ತಾಳೆ. ನನಗೂ ಇನ್ನೊಂದು ಕಾಗದ ಹೀಗೆ ಬರೆಯಲು ಆಗುವುದಿಲ್ಲ ಅನಿಸುತ್ತದೆ.

ಮೈ ನಡುಗಿದಾಗ ಶಾಂತಿ ಬೆಲ್ಲ ತರುತ್ತಾಳೆ. ಆಣೆ ಬಿಡಿಸಿದ್ದು ಪ್ರತಿ ಸಲವೂ ನನಗೆ ಮರೆತಿರುತ್ತದೆ, ಅಕ್ಕನ ಕಾಗದ ಎಲ್ಲಿ ಅಂತ ಕೇಳುತ್ತೇನಂತೆ. ಅವಳು ಅದನ್ನು ತಂದು, "ನೋಡು, ಬಿಡ್ಸಿದೀನಿ ಅಂತ ಇಲ್ಲೇ ಬರ್ದೈತೆ" ಅಂತ ಒಂದು ಸಾಲಿನ ಮೇಲೆ ಬೆರಳಿಡುತ್ತಾಳೆ. ಬೆರಳಿನ ಮಸಿ ಹತ್ತಿ ಆ ಸಾಲು ಕಪ್ಪಾಗಿದೆ. ಇವತ್ತು ತಲೆ ತಿಳಿಯಾಗಿತ್ತು, ಓದಿ ನೋಡಿದೆ. ಅದು ಆಣೆ ಬಿಡಿಸಿದ ಸಾಲಲ್ಲ, ನಿನ್ನ ಕಾಲು ತೆಗೆದ ಸಾಲು. ಅವಳಿಗೆ ಹೇಳಲಿಲ್ಲ. ಬಾಯಿ ತೆರೆದೆ.

ನಿನ್ನ ತಮ್ಮ
ಮುನಿಯಪ್ಪ